ಎಳೆಯುವ ಸರಳು, ತಳ್ಳಿಸಿಕೊಳ್ಳುವ ಕ್ಲಚ್ಚು

೧

“ಇದನ್ನ ಎಳೀಬೇಕಾ, ತಳ್ಳಬೇಕಾ?”

ಕೇಳಿದವನು ಜೀಪಿನ ಅಡಿಯಲ್ಲಿ ಅಂಗಾತ ಮಲಗಿದ್ದ ತಮ್ಮ. ಕೇಳಿದ್ದು ಯಾರನ್ನೂ ಅಲ್ಲ. ಶೆಡ್ಡಿನಲ್ಲಿ ಆಗ ಇದ್ದದ್ದು ಅರ್ಧ ಬಣ್ಣ ಬಳಿದ ಗೇಟುಗಳು, ಗೋಡೆಗೆ ಒರಗಿಸಿದ ಕಿಟಕಿ ಗ್ರಿಲ್ಲು, ಹೊಗೆ ಹಿಡಿದ ವೆಲ್ಡಿಂಗ್ ಮುಖವಾಡ. ಅವು ಯಾವುವೂ ಬಾಯಿ ಬಿಡಲಿಲ್ಲ. ಹಾಗಾಗಿ ಆ ಪ್ರಶ್ನೆ ತಗಡಿನ ಚಾವಣಿಗೆ ಬಡಿದು, ಸೀದಾ ನನ್ನ ಕಿವಿಗೆ ಬಂದು ಬಿತ್ತು.

ಕಥೆಯನ್ನು ಹೀಗೆ ಶುರು ಮಾಡಬಹುದೇ, ಓದುಗರೇ? ನನಗೇ ಅನುಮಾನ. ಕೇಳಿ ಕೇಳಿ ಬೆಳೆದ ಕಿವಿ ನನ್ನದು. ಆ ಕಿವಿಗೆ ಬಿದ್ದ ಕಾವ್ಯಗಳಲ್ಲಿ ಯಾರೂ ಗ್ರೀಸು ಮೆತ್ತಿದ ಕೈಯಲ್ಲಿ ಬಾಗಿಲು ತೆರೆಯುತ್ತಿರಲಿಲ್ಲ. ಮೊದಲು ದೇವರಿಗೆ ಕೈಮುಗಿಯಬೇಕು, ಆಮೇಲೆ ಹಿರಿಯರಿಗೆ, ಆಮೇಲೆ ಸಮುದ್ರ, ಬೆಟ್ಟ, ಪಟ್ಟಣ, ಚಂದ್ರೋದಯ ಎಂದು ಹದಿನೆಂಟು ವರ್ಣನೆಗಳನ್ನು ಸಾವಕಾಶವಾಗಿ ಮುಗಿಸಿ, ಕೊನೆಗೆ ನಾಯಕ ಎಲ್ಲಿದ್ದಾನಪ್ಪಾ ಎಂದು ಹುಡುಕಬೇಕು. ದೇವರಿಗೆ ಕೈಮುಗಿದಾಗಿದೆ; ಅದು ನಮ್ಮಿಬ್ಬರ ನಡುವಿನ ಮಾತು. ಸಮುದ್ರದ ಬದಲು ಹಳೆಯ ಗೇರುಪೆಟ್ಟಿಗೆಯಿಂದ ಸೋರಿದ ಎಣ್ಣೆ ನೆಲದ ಮೇಲೆ ನವಿಲಿನ ಬಣ್ಣ ತಾಳಿ ನಿಂತಿದೆ. ಬೆಟ್ಟವಿದೆ, ನಿಜವಾದದ್ದೇ, ಶೆಡ್ಡಿನ ಬಾಗಿಲಿಗೆ ಬಂದರೆ ಕಾಣುತ್ತದೆ. ನಾಯಕನ ಪಾದಗಳೆರಡು ಮಾತ್ರ ಜೀಪಿನ ಅಡಿಯಿಂದ ಹೊರಗೆ ಚಾಚಿಕೊಂಡಿವೆ.

(ಪಾದದಿಂದ ಶುರುವಾದ ವರ್ಣನೆ ಶಾಸ್ತ್ರಕ್ಕೆ ಸರಿಯೇ. ಅಷ್ಟರಮಟ್ಟಿಗೆ ನಾನು ಬಚಾವು.)

೨

ಕ್ಲಚ್ಚು ಎಂದರೇನು ಎಂದು ಬಲ್ಲವರು ಈ ಭಾಗವನ್ನು ಹಾರಿಸಬಹುದು. (ಹಾರಿಸಬೇಡಿ. ಬರೆಯಲು ಬೆವರು ಸುರಿಸಿದ್ದೇನೆ.)

ಎಂಜಿನ್ನು ತಿರುಗುತ್ತಲೇ ಇರುವ ಪ್ರಾಣಿ. ಗೇರುಪೆಟ್ಟಿಗೆ ಅದರ ಕೈ ಹಿಡಿದುಕೊಂಡು ಚಕ್ರಗಳಿಗೆ ಸುದ್ದಿ ಮುಟ್ಟಿಸುತ್ತದೆ. ಗೇರು ಬದಲಿಸುವಾಗ ಒಂದು ಗಳಿಗೆ ಆ ಕೈ ಬಿಡಿಸಬೇಕು. ಇಲ್ಲವಾದರೆ ಹಲ್ಲಿಗೆ ಹಲ್ಲು ತಾಗಿ ಕರ್ರೆನ್ನುತ್ತದೆ. ಬಿಡಿಸುವ ಕೆಲಸ ಓಡಿಸುವವರ ಎಡಗಾಲಿನದು. ಆ ಎಡಗಾಲಿನಿಂದ ಗೇರುಪೆಟ್ಟಿಗೆಯ ಹೊಟ್ಟೆಯವರೆಗೆ ಪೆಡಲು, ಸರಳು, ಲಿವರು, ಕಡೆಗೊಂದು ಫೋರ್ಕು ಎಂದು ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತಿರುತ್ತಾರೆ. ಈ ಸಾಲಿಗೆ ಲಿಂಕೇಜ್ ಎನ್ನುತ್ತಾರೆ. ನಮ್ಮ ಕಥೆ ಇರುವುದು ಈ ಸಾಲಿನಲ್ಲೇ. ಇದರಿಂದ ಆಚೆಗೆ ಹೋಗಲು ನನಗೂ ಮನಸ್ಸಿಲ್ಲ.

ಜೀಪಿನ ಹಳೆಯ ಗೇರುಪೆಟ್ಟಿಗೆ ಹಲ್ಲುದುರಿಸಿಕೊಂಡು ಮೂಲೆ ಸೇರಿತ್ತು. ಅದರ ಜಾಗಕ್ಕೆ ತಮ್ಮ ಗುಜರಿ ಅಂಗಡಿಯಿಂದ ಒಂದು ಗೂಡ್ಸ್ ವ್ಯಾನಿನ ಗೇರುಪೆಟ್ಟಿಗೆಯನ್ನು ಹೊತ್ತು ತಂದಿದ್ದ. ಹಳೆಯದಕ್ಕಿಂತ ಗೇರು ಹೆಚ್ಚು, ಮೊದಲ ಗೇರಿಗೆ ಬಲವೂ ಹೆಚ್ಚು. ಕಲ್ಲು ದಾರಿಗೆ ಹೇಳಿ ಮಾಡಿಸಿದಂಥದ್ದು. ಎಂಜಿನ್ನಿಗೂ ಅದಕ್ಕೂ ನಡುವೆ ದಪ್ಪನೆಯ ಪ್ಲೇಟು ಕೊರೆದು ಕೂರಿಸಿದ್ದೂ ಆಯಿತು. ಅಲ್ಲಿಯವರೆಗೆ ಎಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಡೆಯಿತು. ಆಮೇಲೆ ಸಿಕ್ಕಿಬಿದ್ದದ್ದು ಇಲ್ಲಿ: ಹಳೆಯ ಪೆಟ್ಟಿಗೆಯ ಫೋರ್ಕನ್ನು ಎಳೆದರೆ ಕ್ಲಚ್ಚು ಬಿಡುತ್ತಿತ್ತು, ಹೊಸದರ ಫೋರ್ಕನ್ನು ತಳ್ಳಿದರೆ ಬಿಡುತ್ತದೆ. ಪೆಡಲಿನಿಂದ ಬರುವ ಸರಳು ಹುಟ್ಟಿದಾಗಿನಿಂದ ಎಳೆಯುವುದೊಂದನ್ನೇ ಕಲಿತಿದೆ.

ತಮ್ಮ ಗೇಟು, ಗ್ರಿಲ್ಲು ಮಾಡುವವನು. ಮೆಕ್ಯಾನಿಕ್ ಅಲ್ಲ. ಇದನ್ನು ನೆನಪಿಡಿ ಎಂದು ಹೇಳಲಾರೆ, ಹೇಳಿದರೆ ಸಸ್ಪೆನ್ಸ್ ಹಾಳು. ಆದರೂ ನೆನಪಿಡಿ.

೩ (ಕೈಬಿಟ್ಟ ಕರಡು)

ಹಸು ಹಿಂಗಾಲು ಬೀಸಿತು. ಆ ಕಾಲು ಗಾಳಿಯಲ್ಲಿ ಬರುವಷ್ಟರಲ್ಲಿ ಲೋಕ ಒಂದು ಕ್ಷಣ ಉಸಿರು ಹಿಡಿದು…

“ಹಸು ಮೇಲೆ ಹಾಕ್ಬೇಡಿ ಸ್ವಾಮಿ,” ಎಂದಳು ಅಕ್ಕ. “ಅದಕ್ಕೆ ನೋವಿತ್ತು. ನಾನು ನಿಂತ ಜಾಗ ಸರಿ ಇರ್ಲಿಲ್ಲ. ಮತ್ತೆ ಲೋಕ ಯಾವ ಉಸಿರೂ ಹಿಡೀಲಿಲ್ಲ, ಹಸುವಿನ ಯಜಮಾನ ಪಕ್ಕದಲ್ಲೇ ಕೆಮ್ತಾ ಇದ್ದ.”

೩ (ಮತ್ತೊಮ್ಮೆ)

ಅಕ್ಕ, ಅಂದರೆ ತಮ್ಮನ ಅಕ್ಕ, ದನದ ಡಾಕ್ಟರು; ಜೀಪು ಅವಳದೇ. ಮದ್ದು ಹಾಕುವಾಗ ಒಂದು ಹಸು ಒದ್ದು, ಎಡಮಂಡಿಯ ಚಿಪ್ಪು ಸೀಳಿತು. ಪಟ್ಟಿ ಕಟ್ಟಿ, ಪಟ್ಟಿ ಬಿಚ್ಚಿ, ಈಗ ನಡೆಯುತ್ತಾಳೆ. ಮೆಟ್ಟಿಲನ್ನು ಮಾತ್ರ ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಾಳೆ. ಬೆಟ್ಟದ ಆಚೆ ಕುರಿ ಸಾಕುವವರಿದ್ದಾರೆ. ಅಲ್ಲಿಗೆ ಬಸ್ಸಿಲ್ಲ, ರಸ್ತೆಯೂ ಇಲ್ಲ. ನೀರಿಲ್ಲದ ನದಿಯ ಪಾತ್ರದೊಳಗೆ ಇಳಿದು, ಗುಂಡುಕಲ್ಲುಗಳ ಮೇಲೆ ಕುಲುಕಾಡಿ, ಆಚೆ ದಂಡೆಯಲ್ಲಿ ನೆಟ್ಟಗೆ ಹತ್ತಬೇಕು. ಅಕ್ಕ ಹಾಸಿಗೆ ಹಿಡಿದ ಮೇಲೆ ಬಂದ ಬದಲಿ ಡಾಕ್ಟರರ ಕಾರು ನದಿಯ ಈಚೆ ದಂಡೆಯಲ್ಲೇ ನಿಂತು ಹಾರ್ನ್ ಹೊಡೆದು ವಾಪಸಾಗುತ್ತದೆ. ಕುರಿಗಳಿಗೆ ಹಾರ್ನ್‌ನಿಂದ ಜ್ವರ ಇಳಿಯುವುದಿಲ್ಲ.

ಆ ದಾರಿಯಲ್ಲಿ ಕ್ಲಚ್ಚಿಗೆ ಪುರುಸೊತ್ತಿಲ್ಲ. ಒತ್ತು, ಬಿಡು, ಒತ್ತು, ಬಿಡು. ಎಲ್ಲವೂ ಎಡಗಾಲಿನ ಪಾಲು.

ಅಕ್ಕ ಮತ್ತೆ ತಾನೇ ಜೀಪು ಓಡಿಸಿಕೊಂಡು ಬೆಟ್ಟದ ಆಚೆ ಹೋಗುತ್ತಾಳೋ ಇಲ್ಲವೋ: ಕಥೆ ಇಷ್ಟೇ. ಇದಕ್ಕಿಂತ ದೊಡ್ಡದು ನನ್ನ ಚೀಲದಲ್ಲಿಲ್ಲ.

೪

ಈಗ ಭಾವ, ಅಕ್ಕನ ಗಂಡ, ಬರಬೇಕು. ಬಂದರು, ಕೈಯಲ್ಲಿ ಟೀ ತುಂಬಿದ ಫ್ಲಾಸ್ಕು.

ಭಾವನವರದು ಔಷಧಿ ಅಂಗಡಿ. ಮಾತು ಕಡಿಮೆ. ಕಾಯಿಲೆಯವರ ಗುಟ್ಟುಗಳನ್ನು ಕಾಗದದ ಕವರಿನಲ್ಲಿ ಸುತ್ತಿ ಸುತ್ತಿ ಕೊಟ್ಟು ಅಭ್ಯಾಸವಾಗಿ, ತಮ್ಮ ಮಾತನ್ನೂ ಹಾಗೇ ಸುತ್ತಿ ಕೊಡುತ್ತಾರೆ. ಅವತ್ತು ಅವರು ಶೆಡ್ಡಿನೊಳಗೆ ಒಂದು ಸುತ್ತು ಬಂದರು. ಗೇಟಿನ ಬಣ್ಣ ಚೆನ್ನಾಗಿದೆ ಎಂದರು. ಆ ಬಣ್ಣ ಬರೀ ತುಕ್ಕು ತಡೆಯುವ ಮೊದಲ ಕೋಟು ಎಂದು ತಮ್ಮ ಹೇಳಿದ ಮೇಲೂ ಚೆನ್ನಾಗಿದೆ ಎಂದರು. ಟೀ ಬಗ್ಗಿಸಿದರು. ಜೀಪಿನ ಬಾನೆಟ್ಟಿನ ಮೇಲೆ ಕೈಯಿಟ್ಟು, ಜ್ವರ ನೋಡುವವರ ಹಾಗೆ ನಿಂತರು.

“ಪೆಡಲು ಸ್ವಲ್ಪ ಗಟ್ಟಿ ಇರ್ಲಿ ಕಣಪ್ಪಾ,” ಎಂದರು.

“ಎಷ್ಟು ಗಟ್ಟಿ ಭಾವ?”

“ಅವಳ ಕಾಲಿಗೆ ಆಗದಷ್ಟು.”

ತಮ್ಮನ ಕೈಲಿದ್ದ ಸ್ಪ್ಯಾನರು ಅಲ್ಲೇ ನಿಂತಿತು. ಭಾವ ಅವಸರವಾಗಿ ಮುಂದುವರಿಸಿದರು: ಬೇಡ ಎಂದು ತಾವು ಬಾಯಿಬಿಟ್ಟರೆ ಅವಳು ಹೋಗಿಯೇ ತೀರುತ್ತಾಳೆ, ಯಾರ ಮಾತಿಗೂ ಅವಳು ನಿಲ್ಲುವವಳಲ್ಲ, ಆದರೆ ತನ್ನ ಕಾಲೇ ಬೇಡ ಎಂದರೆ ನಿಂತಾಳು. ಹಳೆಯ ಗೇರುಪೆಟ್ಟಿಗೆ ನದಿಯ ನಡುವೆ ಮುರಿದ ದಿನ ಅವಳು ಕಲ್ಲಿನ ಮೇಲೆ ಕೂತಿದ್ದಳಂತೆ, ಕುರಿಯವನೊಬ್ಬ ಕಂಡು ಸುದ್ದಿ ತರುವವರೆಗೆ. ಅಂಗಡಿಯಲ್ಲಿ ತಾವು ಯಾರಿಗೋ ಕೆಮ್ಮಿನ ಸಿರಪ್ಪು ಅಳೆದು ಕೊಡುತ್ತಿದ್ದರಂತೆ, ಏನೂ ಗೊತ್ತಿಲ್ಲದೆ.

(ಇಲ್ಲಿ ನಾನು ಭಾವನವರ ಹುಬ್ಬನ್ನು ತುಸು ಗಂಟಿಕ್ಕಿಸಿ, ಮೀಸೆಯ ಕೆಳಗೆ ಒಂದು ನಗು ಅಂಟಿಸಿ, ವಿಲನ್ ಮಾಡಲು ನೋಡಿದೆ. ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನನ್ನ ಕಡೆ ನೋಡಿ, ಹಾಗೆಲ್ಲ ಮಾಡಬೇಡಿ, ಮಂಡಿ ಊದಿದಾಗಲೆಲ್ಲ ಐಸು ಕಟ್ಟಿ ಕೂರುತ್ತಿದ್ದವನು ನಾನು ಎಂದರು. ಮೀಸೆ ಅಳಿಸಿದೆ. ಅವರಿಗೆ ಮೊದಲಿಂದಲೂ ಮೀಸೆ ಇರಲಿಲ್ಲ.)

ತಮ್ಮ ಲೋಟ ಕೈಗೆ ತೆಗೆದುಕೊಂಡ. ಟೀ ಕುಡಿದ. ಸಕ್ಕರೆ ಹಾಕಿರಲಿಲ್ಲ.

೫

ಎಳೆತವನ್ನು ತಳ್ಳುವಂತೆ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಮಕ್ಕಳು ಎರಡು ತುದಿಗೆ ಕೂತು ಆಡುವ ಏರಿಳಿಯುವ ಹಲಗೆಯನ್ನು ನಿಲ್ಲಿಸಿ ನೋಡಿ: ನಡುವೆ ಗೂಟ, ಮೇಲಿನ ತುದಿಯನ್ನು ಹಿಂದಕ್ಕೆ ಎಳೆದರೆ ಕೆಳಗಿನ ತುದಿ ಮುಂದಕ್ಕೆ ಹೋಗುತ್ತದೆ. ತಮ್ಮ ಅಂಥದ್ದೊಂದು ಲಿವರನ್ನು ಕಬ್ಬಿಣದ ಪಟ್ಟಿಯಲ್ಲಿ ಕತ್ತರಿಸಿದ. ಅದರ ನಡುವಿನ ಗೂಟವನ್ನು ಒಂದು ಬ್ರಾಕೆಟ್ಟಿಗೆ ಕೂರಿಸಿ, ಆ ಬ್ರಾಕೆಟ್ಟನ್ನು ಜೀಪಿನ ಚಾಸಿಗೆ, ಅಂದರೆ ಅಡಿಯ ಚೌಕಟ್ಟಿಗೆ, ಸುತ್ತಲೂ ವೆಲ್ಡ್ ಮಾಡಿದ. ಅಂದವಾದ ವೆಲ್ಡಿಂಗು, ಮಲ್ಲಿಗೆ ಕಟ್ಟಿದ ಹಾಗೆ ಒಂದರ ಪಕ್ಕ ಒಂದು ಮಣಿ. ಕೈಯಲ್ಲಿ ಹಿಡಿದು ಅಲುಗಿಸಿ ನೋಡಿದ. ಕಮಕ್ ಕಿಮಕ್ ಅನ್ನಲಿಲ್ಲ. ಒಳ್ಳೆ ಗೇಟಿನ ಲಕ್ಷಣ ಅದೇ ಎಂದು ಅವನಿಗೆ ಸಮಾಧಾನ.

ಇನ್ನು ಉಳಿದದ್ದು ಪೆಡಲಿನ ಕೈಗೆ ಸರಳು ಸಿಕ್ಕಿಸಲು ಒಂದು ತೂತು. ಇಲ್ಲಿ ಲೆಕ್ಕ ಹೀಗೆ: ತೂತು ಪೆಡಲು ತಿರುಗುವ ಕೀಲಿಗೆ ಹತ್ತಿರವಿದ್ದರೆ ಪೆಡಲು ಹಗುರ, ಆದರೆ ಸರಳು ಸರಿಯುವುದು ಸ್ವಲ್ಪವೇ. ದೂರವಿದ್ದರೆ ಸರಳು ಬೇಕಾದಷ್ಟು ಸರಿಯುತ್ತದೆ, ಪೆಡಲು ಮಾತ್ರ ಬಂಡೆ. ಹಗುರವೂ ಬೇಕು, ಹೆಚ್ಚೂ ಬೇಕು ಎಂದರೆ ಕಬ್ಬಿಣ ಕೇಳುವುದಿಲ್ಲ.

ತಮ್ಮ ಎರಡು ತೂತು ಕೊರೆದ. ಒಂದು ಹತ್ತಿರ, ಒಂದು ದೂರ.

ಯಾಕೆ ಎರಡು ಎಂದು ಕೇಳಿದೆ. ಅಡ್ಜಸ್ಟ್ ಮಾಡೋಕೆ ಇರ್ಲಿ ಎಂದ. ಯಾರನ್ನು ಅಡ್ಜಸ್ಟ್ ಮಾಡಲು ಎಂದು ಕೇಳಿದೆ. ಅವನು ಮುಖವಾಡ ಇಳಿಸಿಕೊಂಡು, ಏನನ್ನೂ ಬೆಸೆಯದೆ, ಕಿಡಿ ಹಾರಿಸುತ್ತಾ ಕೂತ. ಬರೆಯುವವರಿಗೆ ಮುಖ ತಪ್ಪಿಸಲು ಇಷ್ಟು ಒಳ್ಳೆಯ ಸಾಧನ ಬೇರಾವ ಕಸುಬಿನಲ್ಲೂ ಇಲ್ಲ.

೬

ಹತ್ತಿರದ ತೂತಿಗೆ ಸರಳು ಹಾಕಿ ಎಂಜಿನ್ನು ಚಾಲೂ ಮಾಡಿದ. ಪೆಡಲು ಹೂವು. ಗೇರು ಹಾಕಲು ಹೋದರೆ ಕರ್ರೋ ಎಂದು ಕಿರುಚಿತು. ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ.

ದೂರದ ತೂತಿಗೆ ಹಾಕಿದ. ಗೇರು ಸದ್ದಿಲ್ಲದೆ ಬಿತ್ತು. ಪೆಡಲು ಒತ್ತಲು ಅವನೇ ಸೀಟಿಗೆ ಬೆನ್ನು ಕೊಟ್ಟು ಹಲ್ಲು ಕಚ್ಚಬೇಕಾಯಿತು. ಗೇಟು ಎತ್ತುವ ಕಾಲು ಅವನದು. ಅಕ್ಕನ ಮಂಡಿಯ ಮಾತೇ ಬೇಡ.

ತಮ್ಮ ಎಂಜಿನ್ನು ಆರಿಸಿ ಸ್ಟೀರಿಂಗಿಗೆ ಹಣೆ ಒರಗಿಸಿ ಕೂತ. ನಿಜ ಹೇಳಬೇಕೆಂದರೆ ಅವನಿಗೆ ಎದೆಯ ಮೇಲಿನ ಭಾರ ಇಳಿದ ಹಾಗಾಗಿತ್ತು. ಅವನು ಭಾವನ ಮಾತು ಕೇಳಿ ಅಕ್ಕನಿಗೆ ಮೋಸ ಮಾಡಲಿಲ್ಲ. ಅಕ್ಕನ ಪರ ನಿಂತು ಭಾವನಿಗೆ ಎದುರಾಡಲೂ ಇಲ್ಲ. ಕಬ್ಬಿಣವೇ ತೀರ್ಮಾನ ಕೊಟ್ಟಿತು. ಇನ್ನು ಕೈ ತೊಳೆದುಕೊಂಡು ಮನೆಗೆ ಹೋಗಬಹುದು.

“ಇಲ್ಲಿಗೇ ಮುಗಿಸಿ ಸ್ವಾಮಿ,” ಎಂದ ನನಗೆ. “ಚೆನ್ನಾಗಿದೆ ಇದು. ಯಾರದ್ದೂ ತಪ್ಪಿಲ್ಲ.”

ಚೆನ್ನಾಗಿಯೇ ಇತ್ತು. ಅವನ ಆಸೆಗೆ ಒಂದು ಮುಕ್ತಾಯ ಬರೆದೂ ನೋಡಿದೆ.

ಮುಕ್ತಾಯ, ತಮ್ಮನ ಇಷ್ಟದಂತೆ: ಅಕ್ಕ ಬಂದಳು. ಪೆಡಲು ಒತ್ತಿದಳು. ಆಗಲಿಲ್ಲ. ಮೆಲ್ಲಗೆ ಇಳಿದಳು. ಬೆಟ್ಟವನ್ನು ಒಮ್ಮೆ ನೋಡಿದಳು. ಸಂಜೆಯ ಬಿಸಿಲು ಅವಳ ಮುಖದ ಮೇಲೆ…

ಬರೆದು ನಾನೇ ಓದಿಕೊಂಡೆ. ಸಂಜೆಯ ಬಿಸಿಲು! ಕಥೆಗಾರನಿಗೆ ಏನೂ ತೋಚದಾಗ ಮೊದಲು ಓಡಿಬರುವುದು ಅದೇ. ಇರಲಿ ಎಂದು ಬಿಟ್ಟರೂ, ಅಕ್ಕ ಬರಬೇಕಾದ ಹೊತ್ತಿಗೆ ಬಂದಳು, ಆ ಸಂಜೆಯ ಬಿಸಿಲು ಬರಲಿಲ್ಲ; ಬೆಳಗಿನ ಹನ್ನೊಂದರ ಹೊತ್ತು.

೮

(ಏಳು ಎಲ್ಲಿ ಎಂದು ಕೇಳಬೇಡಿ. ಏಳರಲ್ಲಿ ತಮ್ಮ ಮತ್ತು ನಾನು ಜಗಳವಾಡಿದೆವು. ಅವನು ಗೆದ್ದ. ಅದಕ್ಕೇ ಇಲ್ಲಿಲ್ಲ.)

ಅಕ್ಕ ಪೆಡಲು ಒತ್ತಿದಳು. ದೂರದ ತೂತಿನ ಪೆಡಲು. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಸೊಂಟದಿಂದ ಬಲ ತಂದು, ನೆಲ ಮುಟ್ಟಿಸಿದಳು. ಮಂಡಿ ಗಡಗಡ ನಡುಗುತ್ತಿದ್ದದ್ದು ಸೀರೆಯ ನೆರಿಗೆಯಲ್ಲಿ ಕಾಣುತ್ತಿತ್ತು. ಗೇರು ಹಾಕಿ, ಪೆಡಲು ಬಿಟ್ಟಳು.

ಜೀಪು ಮುಂದಕ್ಕೆ ಹೋಗಲಿಲ್ಲ, ಕುಪ್ಪಳಿಸಿತು. ಒಂದು ಕಪ್ಪೆ ಹಾರು, ಇನ್ನೊಂದು, ಮತ್ತೊಂದು. ಬಾಗಿಲ ಬಳಿ ನಿಂತಿದ್ದ ಭಾವ ಫ್ಲಾಸ್ಕನ್ನು ಎದೆಗೆ ಅವಚಿಕೊಂಡು ಗೋಡೆಗೆ ಅಂಟಿದರು. ಎಂಜಿನ್ನು ಗುಟುಕ್ಕೆಂದು ನಿಂತುಹೋಯಿತು. ಅಕ್ಕ ಮುಖ ಒರೆಸಿಕೊಂಡಳು. ತಮ್ಮನಿಗೆ ಭಯವಾದದ್ದು ಅವಳು ಬೈಯುತ್ತಾಳೆಂದಲ್ಲ. ಕೀಲಿಕೈ ತೆಗೆದು ಕೈಗೆ ಕೊಟ್ಟುಬಿಡುತ್ತಾಳೇನೋ ಎಂದು. ಇಷ್ಟು ಹೊತ್ತು ಹಾಗೇ ಆಗಲಿ ಎಂದುಕೊಂಡಿದ್ದವನಿಗೆ ಈಗ ಅದು ಬೇಡವಾಗಿತ್ತು. ಮನುಷ್ಯನ ಮನಸ್ಸಿನ ಲಿಂಕೇಜು ಯಾವ ಗುಜರಿಯಿಂದ ಬಂದದ್ದೋ.

ಅಕ್ಕ ಕೊಡಲಿಲ್ಲ. ಇಳಿದು, ಗೋಣಿಚೀಲ ಹಾಸು ಎಂದಳು. ನೋಯುವ ಎಡಗಾಲನ್ನು ಮುಂದೆ ಚಾಚಿ, ಒಂದು ಕೈ ಊರಿ, ಇಷ್ಟಿಷ್ಟೇ ಕೆಳಗಿಳಿದು ಜೀಪಿನಡಿಗೆ ಸರಿದಳು. ತಮ್ಮನಿಗೆ ಮೇಲೆ ಕೂತು ಪೆಡಲು ಒತ್ತಿ ಒತ್ತಿ ಬಿಡಲು ಹೇಳಿದಳು. ಆಮೇಲೆ ಗೇರಿನಲ್ಲಿಟ್ಟು, ಬ್ರೇಕು ಹಿಡಿದು, ಎಂಜಿನ್ನನ್ನು ತುಸು ತಿಣುಕಿಸಲು ಹೇಳಿದಳು. ತಾನು ಒಂದು ಅಂಗೈಯನ್ನು ಬ್ರಾಕೆಟ್ಟಿನ ಮೇಲೆ, ಇನ್ನೊಂದನ್ನು ಗೇರುಪೆಟ್ಟಿಗೆಯ ಹೊಟ್ಟೆಯ ಮೇಲೆ ಇಟ್ಟು, ಕಣ್ಣು ಮುಚ್ಚಿ ಮಲಗಿದಳು. ಕುರಿಯ ಬಸಿರು ನೋಡುವಾಗ ಅವಳು ಹಾಗೇ ಕಣ್ಣು ಮುಚ್ಚುತ್ತಾಳೆ. ಅವಳಿಗೆ ಕೈಯೇ ಕಿವಿ. ನನಗೆ ಅದು ಅರ್ಥವಾಗುತ್ತದೆ. ಬಾಯಿ ಮುಚ್ಚಿಕೊಂಡು ಕಾದೆ.

“ಲೋ, ಎಂಜಿನ್ನು ಓಲಾಡುತ್ತೆ ಕಣೋ.”

“ರಬ್ಬರಿನ ಮೇಲೆ ಕೂತಿದೆಯಲ್ಲಕ್ಕ. ಓಲಾಡ್ಲೇಬೇಕು.”

“ಇದು ಓಲಾಡಲ್ಲ.” ಬ್ರಾಕೆಟ್ಟನ್ನು ತಟ್ಟಿದಳು. “ಅದು ಓಲಾಡಿದ್ರೆ ಇದು ಬಿಮ್ಮಂತ ಕೂತಿರುತ್ತೆ. ಇವೆರಡರ ಮಧ್ಯೆ ಸಿಕ್ಕಿರೋ ಕ್ಲಚ್ಚನ್ನ ಎಂಜಿನ್ನೇ ತನಗೆ ತಾನೇ ಒತ್ಕೊಳ್ಳುತ್ತೆ, ಬಿಟ್ಕೊಳ್ಳುತ್ತೆ. ಅದಕ್ಕೇ ಕುಪ್ಪಳಿಸಿದ್ದು. ಆಮೇಲೆ ನೀನು ಜೋರಾಗಿ ಒತ್ತಿದ್ರೆ ಈ ತಗಡು ಬಗ್ಗುತ್ತೆ. ನಿನ್ನ ಒತ್ತು ಅರ್ಧ ಇಲ್ಲೇ ಸತ್ತುಹೋಗ್ತಿದೆ.”

ತಮ್ಮ ಹಾಗೆ ಬಗ್ಗುವುದು ಸಾಧ್ಯವೇ ಇಲ್ಲ, ಸುತ್ತಲೂ ವೆಲ್ಡ್ ಮಾಡಿದ್ದೇನೆ, ಆನೆ ಬಂದು ಒದ್ದರೂ ಅಲ್ಲಾಡುವುದಿಲ್ಲ ಎಂದು ವಾದಿಸಿದ.

“ಅದೇ ತಪ್ಪು,” ಎಂದಳು ಅಕ್ಕ ಅಡಿಯಿಂದ. “ಕೀಲು ಮಾಡ್ಬೇಕಾದ ಕಡೆ ಮೂಳೆಗೆ ಮೂಳೆ ಬೆಸೆದಿದ್ದೀಯ. ಗೇಟು ಅಂದ್ಕೊಂಡ್ಯಾ ಇದನ್ನ?”

ಅಂದುಕೊಂಡಿದ್ದ. ಹುಡುಗನಾಗಿದ್ದಾಗಿನಿಂದ ಅವನು ಕಲಿತ ಕಸುಬೆಲ್ಲ ಅಲ್ಲಾಡದಂತೆ ನಿಲ್ಲಿಸುವ ಕಸುಬು. ಅಲ್ಲಾಡಿದರೆ ಗಿರಾಕಿ ವಾಪಸ್ ಕಳಿಸುತ್ತಾನೆ. ಅಲ್ಲಾಡುವ ಎರಡು ವಸ್ತುಗಳ ನಡುವೆ ತಾನೂ ಅಲ್ಲಾಡುತ್ತಲೇ ಕೆಲಸ ಮಾಡುವಂಥದ್ದೊಂದನ್ನು ಅವನಿಂದ ಯಾರೂ ಕೇಳಿರಲಿಲ್ಲ. ಮೆಕ್ಯಾನಿಕ್ ಆಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ, ಬೇರೆ ಯಾವುದನ್ನೋ ಮಾಡುತ್ತಿದ್ದ.

ಓದುಗರೇ, ಇಲ್ಲಿ ಸೂಕ್ಷ್ಮವಾದದ್ದೊಂದನ್ನು ಗಮನಿಸಬೇಕು. ಕಬ್ಬಿಣ ತೀರ್ಮಾನ ಕೊಟ್ಟಿರಲಿಲ್ಲ. ತೀರ್ಮಾನ ಮತ್ತೆ ತಮ್ಮನ ತಲೆಯ ಮೇಲೆ ಬಂದು ಕೂತಿತು. ಬ್ರಾಕೆಟ್ಟು ಒತ್ತನ್ನು ನುಂಗದಿದ್ದರೆ ಹತ್ತಿರದ ತೂತಿಗೇ ಕ್ಲಚ್ಚು ಬಿಟ್ಟೀತು, ಹಗುರವಾದ ಪೆಡಲಿಗೇ. ಅಂದರೆ ಅಕ್ಕ ಹೋದಾಳು. ಭಾವ ಬಾಗಿಲಲ್ಲಿ ನಿಂತು ಇದಿಷ್ಟನ್ನೂ ಕೇಳಿಸಿಕೊಂಡಿದ್ದರು. ಅವರೂ ತಮ್ಮನೂ ಒಂದು ಸಲ ಮುಖ ನೋಡಿಕೊಂಡರು. ಆ ನೋಟಕ್ಕೆ ನಾನೊಂದು ಸಂಭಾಷಣೆ ಬರೆದಿದ್ದೆ. ಇಬ್ಬರೂ ಅದನ್ನು ಆಡಲು ಒಪ್ಪಲಿಲ್ಲ.

೯

ತಮ್ಮ ಗ್ರೈಂಡರು ಎತ್ತಿಕೊಂಡ. ಮಲ್ಲಿಗೆ ಕಟ್ಟಿದಂತಿದ್ದ ವೆಲ್ಡಿಂಗನ್ನು ತಾನೇ ಕೊಯ್ದು ಹಾಕಿದ. ಸ್ವಲ್ಪ ಹೊತ್ತು ಅದನ್ನು ನೋಡಿದ. (ನನಗೆ ಗೊತ್ತು ಅದು ಹೇಗಿರುತ್ತದೆ ಎಂದು. ಮೂರನೆಯ ಭಾಗದ ಹಸು ಚೆನ್ನಾಗಿತ್ತು.)

ಆಮೇಲೆ ಒಂದು ಗಟ್ಟಿ ಪೈಪು ಕತ್ತರಿಸಿದ. ಅದರ ಎರಡು ತುದಿಗೂ ಎತ್ತ ಬೇಕಾದರತ್ತ ಹೊರಳುವ ಗುಂಡನೆಯ ಬಾಲ್ ಜಾಯಿಂಟು. ಒಂದು ತುದಿ ಚಾಸಿಯ ಮೇಲೆ ಕೂತಿತು, ಇನ್ನೊಂದು ತುದಿ ಗೇರುಪೆಟ್ಟಿಗೆಯ ಮೈಮೇಲೆ. ಪೈಪಿನ ಒಂದು ಕಡೆ ಮೇಲಕ್ಕೆ ನಿಂತ ಲಿವರು, ಪೆಡಲಿನ ಸರಳು ಎಳೆಯಲು. ಇನ್ನೊಂದು ಕಡೆ ಕೆಳಕ್ಕೆ ಇಳಿದ ಲಿವರು, ಫೋರ್ಕನ್ನು ತಳ್ಳಲು. ಎಂಜಿನ್ನು ಓಲಾಡಿದರೆ ಪೈಪಿನ ಆ ತುದಿಯೂ ಅದರ ಜೊತೆಗೇ ಓಲಾಡುತ್ತದೆ, ಕ್ಲಚ್ಚಿಗೆ ಗೊತ್ತೂ ಆಗುವುದಿಲ್ಲ. ಎರಡೂ ತುದಿಗೆ ಆಧಾರ ಇರುವುದರಿಂದ ಬಗ್ಗುವುದೂ ಇಲ್ಲ. ಕೈಯಲ್ಲಿ ಹಿಡಿದು ಅಲುಗಿಸಿದ. ಲಟಪಟ ಎಂದಿತು. ಇಂಥ ಮಾಲನ್ನು ಅವನ ಕೈ ಎಂದೂ ಹೊರಗೆ ಬಿಟ್ಟದ್ದೇ ಇಲ್ಲ.

ಕೊನೆಗೆ ಪೆಡಲಿನ ಕೈಯನ್ನು ಬಿಚ್ಚಿ ವೈಸಿನ ದವಡೆಗೆ ಕಚ್ಚಿಸಿದ. ಮುಖವಾಡ ಇಳಿಸಿದ. ಈ ಸಲ ನಿಜವಾಗಿಯೂ ಬೆಸೆಯುತ್ತಿದ್ದ. ದೂರದ ತೂತನ್ನು ಕಬ್ಬಿಣ ತುಂಬಿ ಮುಚ್ಚಿ, ಉಜ್ಜಿ, ಸಪಾಟು ಮಾಡಿದ.

ಭಾವ ಬಂದು ನೋಡಿದರು. ಇನ್ನೂ ಬಿಸಿಯಿದ್ದ ಜಾಗದ ಮೇಲೆ ಬೆರಳಿಡಲು ಹೋಗಿ ಹಿಂದಕ್ಕೆ ತೆಗೆದುಕೊಂಡರು.

“ನಾನು ಅವತ್ತು ಹೇಳಿದ್ದು…”

“ಕೇಳಿಸ್ತು ಭಾವ.”

ಭಾವ ಅರ್ಧ ಬಣ್ಣದ ಗೇಟಿಗೆ ಒರಗಿ ನಿಂತರು. ಗೇಟು ಅಲ್ಲಾಡಲಿಲ್ಲ. ಅಂಗಿಗೆ ಬಣ್ಣ ಮಾತ್ರ ಮೆತ್ತಿತು.

ಅಕ್ಕನಿಗೆ ಈ ಗುಟ್ಟು ಹೇಗೆ ಗೊತ್ತಾಗಬೇಕು ಎಂದು ನಾನು ಬಹಳ ತಲೆ ಕೆಡಿಸಿಕೊಂಡೆ. ಕದ್ದು ಕೇಳುವುದು ಹಳೆಯ ತಂತ್ರ. ನಾಟಕೀಯವಾಗಿ ಹೇಳಿಸುವುದು ಇನ್ನೂ ಹಳೆಯದು. ಅಷ್ಟರಲ್ಲಿ ಭಾವನೇ ಊಟದ ಹೊತ್ತಿಗೆ ತಟ್ಟೆ ಮುಂದಿಟ್ಟುಕೊಂಡು ಹೇಳಿಬಿಟ್ಟರಂತೆ, ಪೆಡಲು ಗಟ್ಟಿ ಮಾಡಿಸಲು ನೋಡಿದವನು ನಾನೇ ಎಂದು.

“ಗೊತ್ತಿತ್ತು ರೀ,” ಎಂದಳಂತೆ ಅವಳು. “ನಿಮ್ಮ ಹೊಟ್ಟೇಲಿ ಗುಟ್ಟಿದ್ರೆ ಟೀಗೆ ಸಕ್ಕರೆ ಬೀಳಲ್ಲ.” ಆಮೇಲೆ ಅವಳು, ಕಲ್ಲಿನ ಮೇಲೆ ಕೂತಿದ್ದ ದಿನ ತನಗೂ ಭಯವಾಗಿತ್ತು ಎಂದಳಂತೆ. ಅದು ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅವರ ಅಡುಗೆಮನೆಯೊಳಗೆ ನನ್ನನ್ನು ಬಿಟ್ಟುಕೊಂಡಿರಲಿಲ್ಲವಾದ್ದರಿಂದ ಇದೆಲ್ಲ ಅಂತೆ ಕಂತೆ.

೧೦

ಹೊಸ ಪೆಡಲನ್ನು ಅಕ್ಕ ಒತ್ತಿದಳು. ಕಾಲು ಕೆಳಗೆ ಹೋಯಿತು. ಹಾಳೆಯ ಮೇಲೆ ಇಷ್ಟು ಚಿಕ್ಕ ವಾಕ್ಯ ಬರೆದು ನನಗೆ ಇಷ್ಟು ಸಂತೋಷವಾದದ್ದಿಲ್ಲ, ಆದ್ದರಿಂದ ಇನ್ನೊಂದು ಸಲ: ಕಾಲು ಕೆಳಗೆ ಹೋಯಿತು. ಗೇರು ಬಿತ್ತು. ಪೆಡಲು ಬಿಟ್ಟಳು. ಜೀಪು ಕಪ್ಪೆಯ ಆಟ ಮರೆತು, ಗೇಟುಗಳ ನಡುವೆ ನುಸುಳಿ ಅಂಗಳಕ್ಕೆ ಬಂತು. ಅಂಗಳದಲ್ಲಿ ಸುತ್ತು ಹಾಕಿತು. ಹಿಂದಕ್ಕೆ ಬಂತು, ಮುಂದಕ್ಕೆ ಹೋಯಿತು. ತಮ್ಮ ಪಕ್ಕದಲ್ಲೇ ಬಗ್ಗಿಕೊಂಡು ಓಡುತ್ತಾ, ಲಟಪಟ ಪೈಪನ್ನೇ ನೋಡುತ್ತಾ, ಕಡೆಗೆ ತೊಟ್ಟಿಯ ಕಟ್ಟೆಗೆ ಎಡವಿ ಕೂತುಬಿಟ್ಟ. ಕೂತಲ್ಲೇ ನಕ್ಕ.

ಅಂಗಳ ಸಪಾಟು. ನದಿ ಸಪಾಟಲ್ಲ. ಅಷ್ಟು ಕಲ್ಲುಗಳ ಮೇಲೆ, ಒತ್ತು ಬಿಡು ಒತ್ತು ಬಿಡು ಎನ್ನುವಾಗ ಮಂಡಿ ಏನನ್ನುತ್ತದೆಂದು ಮಂಡಿಗೇ ಗೊತ್ತಿಲ್ಲ. ತಮ್ಮ ತಾನು ಓಡಿಸುತ್ತೇನೆ, ನೀನು ಪಕ್ಕದಲ್ಲಿ ಕೂತುಕೋ ಎಂದು ಹೇಳಿ ನೋಡಿದ. ನಿನ್ನ ಗೇಟುಗಳಿಗೆ ಇನ್ನೊಂದು ಕೋಟು ಬಾಕಿ ಇದೆ ಎಂದಳು. ಭಾವ ಒದ್ದೆ ಬಟ್ಟೆ ತಂದು ಮುಂದಿನ ಗಾಜನ್ನು ಒರೆಸಿದರು, ಅವಳು ಕೂರುವ ಕಡೆ ಎರಡು ಸಲ ಒರೆಸಿದರು.

ಈಗ ಮುಕ್ತಾಯ ಬೇಕು. ನನ್ನ ಬಳಿ ಕೆಲವು ಇವೆ.

ಒಂದು: ಜೀಪು ಆಚೆ ದಂಡೆ ಹತ್ತುತ್ತದೆ. ಕುರಿಗಳು ತಲೆಯೆತ್ತುತ್ತವೆ. (ಕುರಿಗಳು ಯಾವಾಗಲೂ ತಲೆಯೆತ್ತುತ್ತವೆ. ಬೇಡ.)

ಇನ್ನೊಂದು: ನದಿಯ ನಡುವೆ ಸರಳಿನ ಪಿನ್ನು ಕಳಚಿ ಬೀಳುತ್ತದೆ. ಅಕ್ಕ ಹೊಲಿಗೆ ಹಾಕುವ ದಾರವನ್ನು ಮೂರೆಳೆ ಮಾಡಿ ಕಟ್ಟುತ್ತಾಳೆ. (ಇದು ಸಿನಿಮಾಕ್ಕೆ ಆದೀತು. ತಮ್ಮ ತನ್ನ ಪಿನ್ನು ಕಳಚುವುದಿಲ್ಲವೆಂದು ಈಗಾಗಲೇ ಮುನಿಸಿಕೊಂಡಿದ್ದಾನೆ.)

ಮತ್ತೊಂದು: ಮಂಡಿ ಸೋಲುತ್ತದೆ. ಅವಳು ಅಲ್ಲಿಂದಲೇ ತಿರುಗಿಸಿಕೊಂಡು ಬರುತ್ತಾಳೆ. ಮನೆಯ ಮುಂದೆ ಎಂಜಿನ್ನು ಆರಿಸಿ, ಇಳಿಯದೆ ಕೂತಿರುತ್ತಾಳೆ. (ಇದನ್ನು ಬರೆಯಬಲ್ಲೆ. ಬರೆಯಲು ಕೈ ಬರುತ್ತಿಲ್ಲ.)

ಮೂರರಲ್ಲಿ ಯಾವುದು ನಿಜವಾಗುತ್ತದೆಂದು ಕಣ್ಣಾರೆ ನೋಡಿ ಬರೆಯುವುದೇ ಧರ್ಮ ಎನ್ನಿಸಿತು. ಕೇಳಿದ್ದನ್ನು ಕೇಳಿದ ಹಾಗೆ ಹೇಳಬೇಕು, ಕಂಡದ್ದನ್ನು ಕಂಡ ಹಾಗೆ. ಓಡಿಹೋಗಿ ಜೀಪು ಹತ್ತಿ, ಅಕ್ಕನ ಪಕ್ಕದ ಸೀಟಿನಲ್ಲಿ ಕೂತೆ. ಅವಳು ಔಷಧಿಯ ಪೆಟ್ಟಿಗೆಗಳನ್ನು ಹಿಂದಿನ ಸೀಟಿಗೆ ಹಗ್ಗದಿಂದ ಕಟ್ಟಿ ಮುಗಿಸಿ, ತನ್ನ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡು, ನನ್ನನ್ನು ನೋಡಿದಳು.

ತಾಯೀ, ನಾನು ಒಂದು ಮಾತೂ ಆಡುವುದಿಲ್ಲ ಎಂದೆ. ಉಪಮೆ ಹುಡುಕುವುದಿಲ್ಲ. ಕುರಿ ತಲೆಯೆತ್ತಿದರೂ ನೋಡುವುದಿಲ್ಲ. ಆಚೆ ದಂಡೆ ಮುಟ್ಟಿದಿರೋ ಇಲ್ಲವೋ ಎಂಬುದನ್ನಷ್ಟೇ ಕಂಡು, ಓದುತ್ತಿರುವವರಿಗೆ ತಿಳಿಸಿ, ಸುಮ್ಮನಾಗುತ್ತೇನೆ. ಇವರು ಇಷ್ಟು ದೂರ ನಮ್ಮ ಜೊತೆ ಬಂದಿದ್ದಾರೆ. ಇವರಿಗಾದರೂ ಒಂದು ಕೊನೆ ಬೇಡವೇ? ನನ್ನನ್ನು ಕರೆದುಕೊಂಡು ಹೋಗಿ.

ಅಕ್ಕ ಕೀಲಿಕೈ ತಿರುಗಿಸಿದಳು. ಎಡಗಾಲು ಪೆಡಲಿನ ಮೇಲೆ ಕೂತಿತು, ಇನ್ನೂ ಒತ್ತಿರಲಿಲ್ಲ.

“ಸೀಟು ಖಾಲಿ ಇಲ್ಲ ಅಂತ ಸುಳ್ಳು ಹೇಳಲ್ಲ,” ಎಂದಳು. “ಖಾಲಿನೇ ಇದೆ. ಆದ್ರೂ ಆಗಲ್ಲ. ಇಳೀರಿ.”